ಪದ್ಮಿನಿ ಐಡಲ್‌ನಲ್ಲಿ ನಿಲ್ತಾ ಇಲ್ವಾ?

ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡ್ತೀರಿ, ಗಾಡಿ ಚೆನ್ನಾಗೇ ಹೊರಡುತ್ತೆ. ಮೊದಲ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ತಕ್ಷಣ ಆಫ್! ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆ ಈ ಸಂಕಟ ಗೊತ್ತು.

ಕಾರ್ಬ್ಯುರೇಟರ್‌ಗೆ ಕೈ ಹಾಕೋಕೆ ಮುಂಚೆ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿಗೆ ಒಣ ಮಸಿ ಹಿಡಿದಿದ್ರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ರೆ ಗಾಳಿ ಜಾಸ್ತಿ. ತಿಳಿ ಕಂದು ಬಣ್ಣವಾ? ಹಾಗಾದ್ರೆ ಮೊದಲು ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ ನೋಡಿ.

ಓಡುವಾಗ ಸರಿ, ಐಡಲ್‌ನಲ್ಲಿ ಮಾತ್ರ ನಿಂತುಹೋಗುತ್ತೆ ಅಂದ್ರೆ, ಬಹುಪಾಲು ಐಡಲ್ ಜೆಟ್ ಕಟ್ಟಿಕೊಂಡಿರುತ್ತೆ. ಹಿತ್ತಾಳೆಯ ಪುಟ್ಟ ಸ್ಕ್ರೂ ಥರ ಇರುತ್ತೆ ಅದು. ಬಿಚ್ಚಿ, ಕಿಟಕಿ ಬೆಳಕಿಗೆ ಹಿಡಿಯಿರಿ. ರಂಧ್ರದಲ್ಲಿ ಬೆಳಕು ದುಂಡಗೆ ಕಾಣಬೇಕು. ಜೆಟ್ ಮೇಲೆ 50 ಅಂತ ಇದ್ರೆ ರಂಧ್ರ ಬರೀ 0.50 ಮಿಲಿಮೀಟರ್. ದಯವಿಟ್ಟು ಪಿನ್ನು, ತಂತಿ ತೂರಿಸಬೇಡಿ! ಹಿತ್ತಾಳೆ ಮೆದು. ಕೂದಲೆಳೆಯಷ್ಟು ಅಗಲವಾದ್ರೂ ಮಿಶ್ರಣದ ಲೆಕ್ಕ ತಪ್ಪುತ್ತೆ. ಕಾರ್ಬ್ ಕ್ಲೀನರ್ ಹೊಡೆದು, ಗಾಳಿ ಊದಿದ್ರೆ ಸಾಕು.

ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇದ್ರೆ ಎಳೆದ ಚೋಕ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ಆಮೇಲೆ ಕಾರ್ಬ್ಯುರೇಟರ್ ಬೌಲ್‌ನಲ್ಲಿರೋ ಫ್ಲೋಟ್ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ. ತೆಂಗಿನಕಾಯಿ ಥರ ಒಳಗೆ ಕುಲುಕಿದ್ರೆ ಅದು ತೂತಾಗಿದೆ. ಪೆಟ್ರೋಲ್ ತುಂಬಿಕೊಂಡ ಫ್ಲೋಟ್ ತೇಲಲ್ಲ, ನೀಡಲ್ ವಾಲ್ವ್ ಮುಚ್ಚಲ್ಲ, ಬೌಲ್ ಉಕ್ಕುತ್ತೆ. ಹೊಸದು ಹಾಕಿ.

ಈಗಿನ ಇ20 ಪೆಟ್ರೋಲ್‌ನಲ್ಲಿರೋ ಎಥೆನಾಲ್ ನೀರು ಹೀರುತ್ತೆ, ಹಳೇ ರಬ್ಬರನ್ನ ಕೆಡಿಸುತ್ತೆ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಬೌಲ್ ಖಾಲಿ ಮಾಡಿಡಿ. ಎಂಜಿನ್ ತಣ್ಣಗಾದ ಮೇಲೆ, ಬ್ಯಾಟರಿ ವೈರ್ ಬಿಚ್ಚಿಟ್ಟು.