ಪುರುಷರ ಮಾನಸಿಕ ಆರೋಗ್ಯ ಮತ್ತು ದೈಹಿಕ ಚಟುವಟಿಕೆ: ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ



ಬೆಳೆ ಕೈಕೊಟ್ಟಾಗ, ಕೊಳವೆಬಾವಿ ಬತ್ತಿದಾಗ, ಸಾಲದ ಕಂತು ತಪ್ಪಿದಾಗ ಯಾವ ಮನೆಯ ಯಜಮಾನ ಮಂಕಾಗಿದ್ದಾನೆ ಎಂಬುದು ವೈದ್ಯರಿಗಿಂತ ಮೊದಲು ಆ ವಾರ್ಡಿನ ಸದಸ್ಯರಿಗೆ ತಿಳಿಯುತ್ತದೆ. ಆತ ಸಂತೆಗೆ ಬರುವುದನ್ನು ಬಿಟ್ಟಿರುತ್ತಾನೆ, ಅರಳಿಕಟ್ಟೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕೇಳಿದರೆ ಮೈಕೈ ನೋವು, ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎನ್ನುತ್ತಾನೆಯೇ ಹೊರತು ಮನಸ್ಸು ಕುಗ್ಗಿದೆ ಎಂದು ಹೇಳುವುದಿಲ್ಲ. ಗಂಡಸು ಅಳಬಾರದು, ಮನೆಯ ಕಷ್ಟ ಹೊರಗೆ ಹೇಳಬಾರದು ಎಂಬ ಕಟ್ಟುಪಾಡು ಆತನ ಬಾಯಿ ಕಟ್ಟಿರುತ್ತದೆ.

ಈ ಮೌನದ ಬೆಲೆ ದೊಡ್ಡದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಮೃತಪಟ್ಟ 1,70,924 ಮಂದಿಯಲ್ಲಿ ಶೇಕಡ 70ಕ್ಕೂ ಹೆಚ್ಚು ಮಂದಿ ಪುರುಷರು. ಇದನ್ನು ತಡೆಯಲು ಚಿಕಿತ್ಸೆ, ಸಾಲ ಪರಿಹಾರ, ಕುಟುಂಬದ ಬೆಂಬಲ ಎಲ್ಲವೂ ಬೇಕು. ಅವುಗಳ ಜೊತೆಗೆ ಕಡಿಮೆ ವೆಚ್ಚದಲ್ಲಿ ಗ್ರಾಮ ಪಂಚಾಯಿತಿಯೇ ಒದಗಿಸಬಹುದಾದ ಒಂದು ಆಸರೆ ಎಂದರೆ ನಿಯಮಿತ ದೈಹಿಕ ಚಟುವಟಿಕೆ.

ಚಟುವಟಿಕೆಯಿಂದ ಆಗುವ ಪ್ರಯೋಜನ

ನಡಿಗೆ, ಆಟ, ವ್ಯಾಯಾಮಗಳಿಂದ ನಿದ್ರೆ ಸುಧಾರಿಸುತ್ತದೆ, ಆತಂಕ ತಗ್ಗುತ್ತದೆ, ದಿನಚರಿಗೆ ಒಂದು ಕ್ರಮ ಬರುತ್ತದೆ. ನಾರ್ವೆ ದೇಶದಲ್ಲಿ ಸುಮಾರು 34 ಸಾವಿರ ವಯಸ್ಕರನ್ನು 11 ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು, ಎಲ್ಲರೂ ವಾರಕ್ಕೆ ಕನಿಷ್ಠ ಒಂದು ಗಂಟೆ ವ್ಯಾಯಾಮ ಮಾಡಿದ್ದರೆ ಖಿನ್ನತೆಯ ಹೊಸ ಪ್ರಕರಣಗಳಲ್ಲಿ ಶೇಕಡ 12ರಷ್ಟನ್ನು ತಡೆಯಬಹುದಾಗಿತ್ತೆಂದು ಅಂದಾಜಿಸಿದೆ. ಒಟ್ಟಾರೆ ಆರೋಗ್ಯಕ್ಕಾಗಿ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಬಿರುಸಾಗಿ ನಡೆದರೆ ಇದರ ಕನಿಷ್ಠ ಪ್ರಮಾಣ ಪೂರ್ಣಗೊಳ್ಳುತ್ತದೆ.

ಹೊಲದ ದುಡಿಮೆ ಸಾಲದೇ?

ದಿನವಿಡೀ ಹೊಲದಲ್ಲಿ ದುಡಿಯುವವನಿಗೆ ಮತ್ತೆ ವ್ಯಾಯಾಮವೇಕೆ ಎಂಬ ಪ್ರಶ್ನೆ ಸಹಜವಾದುದು. ದುಡಿಮೆಯಿಂದ ದೇಹಕ್ಕೆ ಶ್ರಮವಾಗುತ್ತದೆ, ನಿಜ. ಆದರೆ ಒಬ್ಬಂಟಿಯಾಗಿ, ಸಾಲದ ಲೆಕ್ಕವನ್ನು ತಲೆಯಲ್ಲಿ ಹೊತ್ತು, ಬಿಡುವಿಲ್ಲದೆ ಮಾಡುವ ಶ್ರಮದಿಂದ ಮನಸ್ಸು ಹಗುರವಾಗುವುದು ಕಷ್ಟ. ಬಿಡುವಿನ ವೇಳೆಯಲ್ಲಿ ಇಷ್ಟಪಟ್ಟು ಮಾಡುವ ಚಟುವಟಿಕೆಗೂ ಮಾನಸಿಕ ಆರೋಗ್ಯಕ್ಕೂ ಕಂಡುಬರುವ ಉತ್ತಮ ಸಂಬಂಧ, ದುಡಿಮೆಯ ಶ್ರಮದಲ್ಲಿ ಹಾಗೆಯೇ ಕಂಡುಬರುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಎದುರಿಗೆ ಕೂರಿಸಿಕೊಂಡು ಕೇಳಿದರೆ ಬಾಯಿ ಬಿಡದವನು, ಕೆರೆ ಏರಿಯ ಮೇಲೆ ಜೊತೆಯಲ್ಲಿ ನಡೆಯುತ್ತಾ ತಾನಾಗಿಯೇ ನಾಲ್ಕು ಮಾತು ಹೇಳುವುದುಂಟು. ಆದುದರಿಂದ ಇಲ್ಲಿ ವ್ಯಾಯಾಮದಷ್ಟೇ ಜೊತೆಯೂ ಮುಖ್ಯ.

ಪಂಚಾಯಿತಿಯು ಕೈಗೊಳ್ಳಬಹುದಾದ ಕ್ರಮಗಳು

1. ವರ್ಷಕ್ಕೊಮ್ಮೆ ನಡೆಯುವ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳಲ್ಲಿ ಯುವಕರು ಆಡುತ್ತಾರೆ. ನಲವತ್ತು ದಾಟಿದವರು ಪ್ರೇಕ್ಷಕರಾಗಿ ಉಳಿಯುತ್ತಾರೆ. ಸಂಸಾರದ ಭಾರ ಹೆಚ್ಚಾಗಿರುವುದು ಇವರ ಮೇಲೆಯೇ. ಇವರಿಗೆಂದು ಸೋಲು ಗೆಲುವಿನ ಹಂಗಿಲ್ಲದ ವಾರದ ಆಟ ಅಥವಾ ನಡಿಗೆಯ ಗುಂಪನ್ನು ರಚಿಸುವುದು.

2. ಶಾಲಾ ಮೈದಾನವನ್ನು ಶಾಲಾ ಅವಧಿಯ ನಂತರ ಬಳಸಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದಿಗೆ ಚರ್ಚಿಸುವುದು. ಕೆರೆ ಏರಿ, ಮೈದಾನಗಳಿಗೆ ಬೆಳಕು ಮತ್ತು ಕುಡಿಯುವ ನೀರು ಒದಗಿಸುವ ಕಾಮಗಾರಿಯನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಪ್ರಸ್ತಾಪಿಸುವುದು.

3. ಊರಿನಲ್ಲಿ ಗರಡಿಮನೆ, ಡೊಳ್ಳು ಕುಣಿತ, ಕೋಲಾಟ ಅಥವಾ ಕಂಸಾಳೆಯ ತಂಡವಿದ್ದಲ್ಲಿ ಅದನ್ನೇ ಬಳಸಿಕೊಳ್ಳುವುದು. ವ್ಯಾಯಾಮ ಎಂದರೆ ಸಂಕೋಚಪಡುವವರೂ ಇಂತಹ ತಂಡಕ್ಕೆ ಸಲೀಸಾಗಿ ಬರುತ್ತಾರೆ.

4. ಈ ಗುಂಪಿನಲ್ಲಿ ಎಲ್ಲ ಜಾತಿ, ಎಲ್ಲ ಕೇರಿಗಳ ಪುರುಷರಿಗೂ ಸ್ಥಾನವಿರುವಂತೆ ನೋಡಿಕೊಳ್ಳುವುದು. ಆಟದ ನಂತರದ ಕೂಟವು ಮದ್ಯಪಾನಕ್ಕೆ ತಿರುಗದಂತೆ ಎಚ್ಚರ ವಹಿಸುವುದು.

5. ಬಾರದವರನ್ನು ಸದಸ್ಯರು ತಾವೇ ಹೋಗಿ ಕರೆಯುವುದು. ಖಿನ್ನನಾದವನಿಗೆ ಹಾಸಿಗೆ ಬಿಟ್ಟು ಏಳುವುದೇ ದೊಡ್ಡ ಕೆಲಸ. ಅವನನ್ನು ಸೋಮಾರಿ ಎಂದು ಜರಿದರೆ ಇನ್ನಷ್ಟು ಕುಗ್ಗುತ್ತಾನೆ. "ಬನ್ನಿ, ಹತ್ತು ನಿಮಿಷ ಜೊತೆಗೆ ನಡೆದು ಬರೋಣ" ಎಂಬ ಮಾತು ಸಾಕು.

ಮಿತಿಯನ್ನೂ ತಿಳಿದಿರಬೇಕು

ದೈಹಿಕ ಚಟುವಟಿಕೆಯು ಚಿಕಿತ್ಸೆಗೆ ಪೂರಕವೇ ಹೊರತು ಪರ್ಯಾಯವಲ್ಲ. ವೈದ್ಯರು ಕೊಟ್ಟ ಮಾತ್ರೆಗಳನ್ನು ನಿಲ್ಲಿಸುವಂತೆ ಯಾರೂ ಸಲಹೆ ನೀಡಬಾರದು. ಹೃದ್ರೋಗ, ರಕ್ತದೊತ್ತಡ, ಮಧುಮೇಹ ಇರುವವರು ಆರಂಭಕ್ಕೆ ಮೊದಲು ವೈದ್ಯರನ್ನು ಕಾಣಬೇಕು. ಎರಡು ವಾರಕ್ಕೂ ಮೀರಿ ಬೇಸರ, ನಿದ್ರಾಹೀನತೆ, ನಿರಾಸಕ್ತಿ ಮುಂದುವರಿದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

"ನಾನಿದ್ದು ಏನು ಪ್ರಯೋಜನ" ಎಂಬಂತಹ ಮಾತು ಕಿವಿಗೆ ಬಿದ್ದರೆ ತಡಮಾಡುವಂತಿಲ್ಲ. ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕೀಟನಾಶಕವನ್ನು ಕೈಗೆ ಸಿಗದಂತೆ ಬೇರೆಡೆ ಇರಿಸಿ, ಕೂಡಲೇ ಆಸ್ಪತ್ರೆಯ ನೆರವು ಪಡೆಯಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಪಂಚಾಯಿತಿ ಕಚೇರಿ, ಗ್ರಂಥಾಲಯ, ಹಾಲಿನ ಡೇರಿ ಹಾಗೂ ನ್ಯಾಯಬೆಲೆ ಅಂಗಡಿಗಳ ಮುಂದೆ ಬರೆಯಿಸುವುದು ಸೂಕ್ತ. ಯಾರ ಮನೆಯ ವಿಷಯವನ್ನೂ ಸಭೆಯಲ್ಲಿ ಹೆಸರಿಟ್ಟು ಚರ್ಚಿಸಬಾರದು.

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಪ್ರತಿ ಗ್ರಾಮದಲ್ಲಿ ಒಂದು ಸ್ಥಳ, ವಾರದಲ್ಲಿ ನಿಗದಿತ ದಿನಗಳು ಹಾಗೂ ಹೊಣೆ ಹೊರುವ ಒಬ್ಬ ಸದಸ್ಯರನ್ನು ಗುರುತಿಸುವಂತೆ ಕೋರಲಾಗಿದೆ.