ಮರಳಿ ಬರುವ ವ್ಯಾಧಿ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ಯಾವುದೇ ಹಳ್ಳಿಯಲ್ಲಿ, ಕಬ್ಬಿನ ಹಂಗಾಮಿನ ನಡುವೆ ಒಬ್ಬ ರೈತನು ಹೊಲದ ಕಡೆ ಹಾಯುವುದನ್ನೇ ಬಿಟ್ಟು, ಉಣಲೊಲ್ಲದೆ, ನುಡಿಯಲೊಲ್ಲದೆ, ನಸುಕಿನ ಮೂರಕ್ಕೇ ಎಚ್ಚತ್ತು ಗೋಡೆಗೆ ಮುಖಮಾಡಿ ಕುಳಿತನೆಂದರೆ, ‘ಮನಸ್ಸಿಗೆ ಬ್ಯಾಸರಾಗೇತಿ’ ಎನ್ನುವರು. ಅದೇ ಮನುಷ್ಯನು ಕೆಲವು ವರ್ಷಗಳ ತರುವಾಯ ನಿದ್ರೆಯ ಹಂಗಿಲ್ಲದೆ, ಎಡೆಬಿಡದೆ ಮಾತಾಡುತ್ತ, ಎತ್ತುಗಳನ್ನು ಅರ್ಧ ಬೆಲೆಗೆ ಮಾರಿ ಟ್ರ್ಯಾಕ್ಟರಿಗೆ ಮುಂಗಡ ಕೊಟ್ಟುಬಂದನೆಂದರೆ, ‘ಗಾಳಿ ಸೋಕೇತಿ’ ಎನ್ನುವರು. ಇವೆರಡೂ ಒಂದೇ ವ್ಯಾಧಿಯ ಮುಖಗಳಾಗಿರಬಹುದೆಂಬ ಶಂಕೆ ಮನೆಯವರಿಗೆ ಬರುವುದು ಅಪರೂಪ. ಜರ್ಮನಿಯ ಕ್ರೆಪೆಲಿನ್ ಎಂಬ ವೈದ್ಯನು 1899ರಲ್ಲಿ ಉನ್ಮಾದ–ವಿಷಾದಗಳ ರೋಗವನ್ನು ಇತರ ಚಿತ್ತವಿಕಾರಗಳಿಂದ ಬೇರ್ಪಡಿಸಿದಾಗ, ರೋಗಿಯ ಅಂದಿನ ಅವಸ್ಥೆಗಿಂತ ಹೆಚ್ಚಾಗಿ ವರ್ಷಾನುವರ್ಷ ರೋಗವು ನಡೆದ ಗತಿಯನ್ನೇ ಪ್ರಮಾಣವಾಗಿ ಹಿಡಿದನು.

ಆ ಗತಿಯೇ ಜನರನ್ನು ವಂಚಿಸುವುದು. ಖಿನ್ನತೆಯೆಂದು ಹೆಸರಿಸಲು ಲಕ್ಷಣಗಳು ಕನಿಷ್ಠ 2 ವಾರವಾದರೂ ಇರಬೇಕು. ಉನ್ಮಾದಕ್ಕೆ 1 ವಾರ ಸಾಕು. ಚಿಕಿತ್ಸೆಯಿಲ್ಲದಿದ್ದರೆ ಖಿನ್ನತೆಯು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು, ಉನ್ಮಾದವು ಮೂರು ನಾಲ್ಕು ತಿಂಗಳು ಕಾಡಿ, ಬಹುಮಟ್ಟಿಗೆ ತಾನಾಗಿಯೇ ಇಳಿಯುವುದುಂಟು. ಹೀಗೆ ಇಳಿಯುವ ಹೊತ್ತಿಗೆ ಕುಟುಂಬವು ಚಿಂಚಲಿಯ ಮಾಯಕ್ಕನಲ್ಲಿಗೋ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ ಹೋಗಿಬಂದಿದ್ದರೆ, ಗುಣದ ಕೀರ್ತಿಯು ಹರಕೆಗೇ ಸಲ್ಲುತ್ತದೆ. ಹರಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ; ಎದೆಗೆಟ್ಟ ತಾಯಿಗೆ ಅದು ಕೊಡುವ ಧೈರ್ಯ ಅಲ್ಪವೇನಲ್ಲ. ಆದರೆ ಒಮ್ಮೆ ಖಿನ್ನತೆಗೊಳಗಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಮರುಕಳಿಸುವುದೆಂದೂ, ಮೂರು ಸಲ ಬಂದವರಲ್ಲಿ ಮತ್ತೆ ಬರುವ ಸಂಭವವು ನೂರಕ್ಕೆ ತೊಂಬತ್ತರಷ್ಟೆಂದೂ, ಉನ್ಮಾದವಂತೂ ಒಮ್ಮೆ ಬಂದು ಸುಮ್ಮನಾಗುವುದು ವಿರಳವೆಂದೂ ತಿಳಿದವರು, ಇಳಿದ ರೋಗವನ್ನು ಹೋದ ರೋಗವೆಂದು ನಂಬಲಾರರು.

ತೀವ್ರತೆಯಲ್ಲಿಯೂ ಸೌಮ್ಯ, ಮಧ್ಯಮ, ತೀವ್ರವೆಂಬ ಮಜಲುಗಳಿವೆ. ತುದಿಯ ಮಜಲಿನಲ್ಲಿ ‘ನನ್ನ ಪಾಪದಿಂದಲೇ ಬೆಳೆ ಒಣಗಿತು’ ಎಂಬಂಥ ಭ್ರಮೆಯು ಖಿನ್ನನನ್ನೂ, ‘ನಾನೇ ದೇವರು’ ಎಂಬಂಥ ಭ್ರಮೆಯು ಉನ್ಮತ್ತನನ್ನೂ ಹಿಡಿದೀತು. ಖಿನ್ನತೆ, ಉನ್ಮಾದಗಳೆರಡೂ ಒಟ್ಟಿಗೆ ಬೆರೆತು, ಮನಸ್ಸಿನಲ್ಲಿ ನಿರಾಶೆ, ಮೈಯಲ್ಲಿ ಉನ್ಮಾದದ ಹುರುಪು ಕೂಡಿದ ಮಿಶ್ರಾವಸ್ಥೆಯಂತೂ ಪ್ರಾಣಾಂತಕವಾಗಬಲ್ಲುದು; ಅಂಥ ದಿನಗಳಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಮನೆಯಲ್ಲಿರಬಾರದು, ಮನುಷ್ಯನು ಒಂಟಿಯಾಗಿರಬಾರದು. ಖಿನ್ನನಾಗಿ ಬಂದವನು ಹಿಂದಿನ ಉನ್ಮಾದವನ್ನು ಹೇಳದೆ ಖಿನ್ನತೆಯ ಔಷಧವೊಂದನ್ನೇ ಸೇವಿಸಿದರೆ ಅದು ಅವನನ್ನು ಮತ್ತೊಂದು ತುದಿಗೆ ಎಸೆಯಬಹುದಾದುದರಿಂದ, ಜಾಣ ವೈದ್ಯನು ಮನೆಯ ಹಿರಿಯರನ್ನೂ ಕೂರಿಸಿಕೊಂಡು ಹಿಂದಿನ ವರ್ಷಗಳ ಕಥೆಯನ್ನು ಕೇಳುತ್ತಾನೆ.

ಈ ಭಾಗದವರಿಗೆ ಧಾರವಾಡದ ಆಸ್ಪತ್ರೆ ಹೊಸದಲ್ಲ. 1845ರಲ್ಲಿ ಆರಂಭವಾಗಿ, ಹುಚ್ಚಾಸ್ಪತ್ರೆಯೆಂದೇ ಮೂರು ತಲೆಮಾರಿನ ಬಾಯಲ್ಲಿ ಉಳಿದ ಆ ಸಂಸ್ಥೆಯು ಇಂದು ಡಿಮ್ಹಾನ್ಸ್. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಆ ಬಳಿಕದ್ದು. ಮಾನಸಿಕ ಆರೋಗ್ಯದ ಸಹಾಯವಾಣಿಯಾದ 14416ಕ್ಕೆ ಹಗಲಿರುಳು ಕರೆಮಾಡಿ ಕನ್ನಡದಲ್ಲಿ ಮಾತಾಡಬಹುದು. ಇಷ್ಟಿದ್ದೂ, 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ ದ್ವಿಧ್ರುವ ರೋಗವೆಂದು ಈಗ ಕರೆಯುವ ಉನ್ಮಾದ–ವಿಷಾದಗಳ ರೋಗವುಳ್ಳವರಲ್ಲಿ ನೂರಕ್ಕೆ ಸುಮಾರು 70 ಜನರು, ಖಿನ್ನರಲ್ಲಿ ಸುಮಾರು 85 ಜನರು ಚಿಕಿತ್ಸೆಯ ಹೊರಗಿದ್ದರು.

ಮರುಕಳಿಕೆಯನ್ನು ತಡೆಯುವ ಔಷಧಗಳಲ್ಲಿ ಹಿರಿಯದು ಲಿಥಿಯಮ್. ಉನ್ಮಾದಕ್ಕೆ ಅದರ ಉಪಯೋಗವನ್ನು 1949ರಲ್ಲಿ ಪ್ರಕಟಿಸಿದವನು ಆಸ್ಟ್ರೇಲಿಯದ ಜಾನ್ ಕೇಡ್. ಅಗ್ಗದ ಲವಣ, ಆದರೆ ಬಲು ಬಿಗುಮಾನದ್ದು. ರಕ್ತದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲಿನೊಳಗಿರಬೇಕು. ಚೈತ್ರ–ವೈಶಾಖಗಳ ಬಿಸಿಲಿನಲ್ಲಿ ಬೆವರು ಸುರಿಸಿ ನೀರು ಕುಡಿಯದಿದ್ದರೆ, ವಾಂತಿಭೇದಿಯಾದರೆ, ರಕ್ತದೊತ್ತಡಕ್ಕೆಂದು ಉಪ್ಪನ್ನು ಥಟ್ಟನೆ ಬಿಟ್ಟರೆ, ಅಥವಾ ಸೊಂಟನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ಗುಳಿಗೆ ತಂದು ನುಂಗಿದರೆ ಆ ಪ್ರಮಾಣ ಏರಿ ವಿಷವಾಗುತ್ತದೆ: ಕೈ ಜೋರಾಗಿ ನಡುಗುತ್ತದೆ, ಕಾಲು ತಡವರಿಸುತ್ತದೆ, ಮಾತು ತೊದಲುತ್ತದೆ. ಆಗ ಗುಳಿಗೆ ನಿಲ್ಲಿಸಿ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ, ಗುಣವಾಯಿತೆಂದು ತಾನಾಗಿ ನಿಲ್ಲಿಸಿದವರಲ್ಲಿ ಕೆಲವೇ ತಿಂಗಳಲ್ಲಿ ಉನ್ಮಾದ ಮರಳುವುದು ಸಾಮಾನ್ಯ. ರಕ್ತಪರೀಕ್ಷೆಗೆ ಹೋಗುವವರು ರಾತ್ರಿಯ ಗುಳಿಗೆ ನುಂಗಿ 12 ಗಂಟೆ ಕಳೆದ ಮೇಲೆ, ಬೆಳಗಿನ ಗುಳಿಗೆಗೆ ಮುಂಚೆ ಹೋಗತಕ್ಕದ್ದು.