ಅರ್ಜಿಯಿಂದ ಪಾಸ್‌ಬುಕ್ಕಿನವರೆಗೆ: ಕೂಲಿಕಾರರ ಸಂಘ ಪಿಂಚಣಿ ಕೊಡಿಸುವ ಬಗೆ

ಬೈಲಹೊಂಗಲದ ಎಪಿಎಂಸಿಯಲ್ಲಿ ಚೀಲ ಹೊತ್ತ ಹಮಾಲ, ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ಮಗ್ಗದ ಮುಂದೆ ಕೂತ ನೇಕಾರ, ಸಂಪಗಾಂವದ ಹೊಲಗಳಲ್ಲಿ ಕಸ ತೆಗೆದ ಹೆಣ್ಣಾಳು, ಕಿತ್ತೂರಿನ ಗೌಂಡಿ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆಯ ನೌಕರ. ಐವರೂ ಮೈಮುರಿದು ದುಡಿದವರೇ. ಆದರೆ ಮುಪ್ಪಿನಲ್ಲಿ ಇವರಿಗೆಲ್ಲ ಸಿಗುವ ಪಿಂಚಣಿ ಒಂದೇ ಅಲ್ಲ. ಇಲಾಖೆ ಬೇರೆ, ಮೊತ್ತ ಬೇರೆ, ಕೇಳುವ ಕಾಗದ ಬೇರೆ. ಕಾರ್ಮಿಕ ಸಂಘವೊಂದು ಪಿಂಚಣಿಯ ಕೆಲಸಕ್ಕೆ ಕೈಹಾಕಿದಾಗ ಮೊದಲು ಮಾಡಬೇಕಾದದ್ದು ಧರಣಿಯಲ್ಲ, ಯಾರು ಯಾವ ಪಿಂಚಣಿಗೆ ಸೇರುತ್ತಾರೆ ಎಂದು ವಿಂಗಡಿಸುವುದು. ತಪ್ಪು ಬಾಗಿಲು ತಟ್ಟಿ ವರ್ಷ ಕಳೆದುಕೊಂಡವರು ಎಲ್ಲ ಊರಲ್ಲೂ ಇದ್ದಾರೆ.

ಪಿಎಫ್ ಕಡಿತವಾಗುವ ನೌಕರರ ಲೆಕ್ಕ ಸುಲಭ. 1995ರ ನೌಕರರ ಪಿಂಚಣಿ ಯೋಜನೆ ಇವರದು. ಕನಿಷ್ಠ 10 ವರ್ಷದ ಸೇವೆ ಇದ್ದು 58 ತುಂಬಿದರೆ ಪಿಂಚಣಿ ಶುರು. ಕೊನೆಯ 60 ತಿಂಗಳ ಪಗಾರದ ಸರಾಸರಿಯನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 20 ವರ್ಷ ದುಡಿದವರಿಗೆ ಇನ್ನೆರಡು ವರ್ಷ ಸೇರಿಸಿ ಎಣಿಸುತ್ತಾರೆ. 15,000 ರೂಪಾಯಿ ಪಗಾರ, 20 ವರ್ಷ ಸೇವೆ ಎಂದಾದರೆ ತಿಂಗಳಿಗೆ ಸುಮಾರು 4,714 ರೂಪಾಯಿ. ಕಾರ್ಖಾನೆ ಕಬ್ಬು ನುರಿಸುವುದು ವರ್ಷದಲ್ಲಿ ಕೆಲವೇ ತಿಂಗಳು. ಹಂಗಾಮಿ ನೌಕರರು ‘ನಮ್ಮದು ಅರ್ಧ ವರ್ಷದ ಸೇವೆ’ ಎಂದುಕೊಂಡು ಸುಮ್ಮನಾಗುವುದುಂಟು. ಯೋಜನೆಯ ನಿಯಮ ಹಾಗಿಲ್ಲ. ಹಂಗಾಮಿನಲ್ಲಿ ಮಾಡಿದ ಸೇವೆಯನ್ನು ಪೂರ್ತಿ ವರ್ಷವೆಂದೇ ಹಿಡಿಯಬೇಕು. ಈ ಒಂದು ಸಾಲು ಗೊತ್ತಿದ್ದರೆ ಎಷ್ಟೋ ಮಂದಿ 10 ವರ್ಷದ ಗೆರೆ ದಾಟುತ್ತಾರೆ. ಅದೇ ಕಾರ್ಖಾನೆಗೆ ಕಬ್ಬು ಕಡಿದು ಹಾಕುವ ಗ್ಯಾಂಗಿನವರಿಗೆ ಇದ್ಯಾವುದೂ ಇಲ್ಲ, ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ.

ಗೌಂಡಿ, ಬಾರ್ ಬೆಂಡರ್, ಪೇಂಟರ್, ಅವರ ಕೈಕೆಳಗಿನ ಆಳುಗಳು ಇವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಕಟ್ಟಡದ ವೆಚ್ಚದ ಮೇಲೆ ಶೇ 1ರ ಸೆಸ್ ವಸೂಲು ಮಾಡಿ ಆ ಹಣದಿಂದ ಮಂಡಳಿ ನಡೆಯುತ್ತದೆ. 1996ರಲ್ಲಿ ಸಂಸತ್ತು ಮಾಡಿದ ಏರ್ಪಾಡು ಇದು. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು, ವಯಸ್ಸು 18ರಿಂದ 60ರೊಳಗಿರಬೇಕು. 60 ತುಂಬುವ ಹೊತ್ತಿಗೆ ಮೂರು ವರ್ಷದ ಸದಸ್ಯತ್ವ ಇದ್ದವರಿಗೆ ತಿಂಗಳಿಗೆ 3,000 ರೂಪಾಯಿವರೆಗೆ ಪಿಂಚಣಿ. ಇಲ್ಲಿ ಎಡವುವುದು ಎರಡು ಕಡೆ. 58 ದಾಟಿದ ಮೇಲೆ ಕಾರ್ಡ್ ಮಾಡಿಸಲು ಓಡಿದರೆ ಮೂರು ವರ್ಷ ತುಂಬುವುದಿಲ್ಲ. ಮಾಡಿಸಿದ ಕಾರ್ಡನ್ನು ನವೀಕರಿಸದೆ ಬಿಟ್ಟರೆ ಸದಸ್ಯತ್ವವೇ ಕಡಿದುಹೋಗುತ್ತದೆ. 50ರ ಆಸುಪಾಸಿನ ಸದಸ್ಯರ ಪಟ್ಟಿ ಬೇರೆಯೇ ಬರೆದಿಟ್ಟು, ನವೀಕರಣದ ತಾರೀಖು ಬಂದಾಗ ಮನೆಗೆ ಹೋಗಿ ಹೇಳುವ ಸಂಘವೇ ನಿಜವಾಗಿ ಪಿಂಚಣಿ ಕೊಡಿಸುವ ಸಂಘ.

90 ದಿನದ ಕೆಲಸವನ್ನು ಮಾಲೀಕರು, ಪಂಚಾಯಿತಿ, ಕಾರ್ಮಿಕ ನಿರೀಕ್ಷಕರು ದೃಢೀಕರಿಸುವಂತೆ ನೋಂದಾಯಿತ ಕಾರ್ಮಿಕ ಸಂಘವೂ ದೃಢೀಕರಿಸಬಹುದು. ಸಂಘದ ಸಹಿಗೆ ಬೆಲೆ ಬಂದದ್ದು ಹೀಗೆ. ಅದೇ ಸಹಿ ಮಾರಾಟಕ್ಕೂ ಬಂತು. ಕರಣೆ ಹಿಡಿಯದವರ ಕೈಗೂ ಕಾರ್ಡ್ ಸೇರಿ, ಆಮೇಲೆ ಇಲಾಖೆ ದೊಡ್ಡ ಸಂಖ್ಯೆಯಲ್ಲಿ ಕಾರ್ಡ್ ರದ್ದು ಮಾಡಲು ಹೊರಟಿತು. ಈ ಸೋಸುವಿಕೆಯಲ್ಲಿ ಬಿಸಿ ತಟ್ಟುವುದು ನಿಜವಾದ ಗೌಂಡಿಗೆ. ತಾನು ಗೌಂಡಿಯೇ ಎಂದು ಅವನು ಮತ್ತೆ ಸಾಬೀತು ಮಾಡಬೇಕು. ಎಲ್ಲಿ, ಯಾರ ಮನೆಯಲ್ಲಿ, ಎಷ್ಟು ದಿನ ದುಡಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮಾಲೀಕರ ಸಹಿ ಹಾಕಿಸಿಕೊಂಡವರು ಇಂಥ ಹೊತ್ತಲ್ಲಿ ಗೆಲ್ಲುತ್ತಾರೆ.

ಉಳಿದವರು, ಅಂದರೆ ಹೊಲದ ಆಳು, ಹಮಾಲ, ನೇಕಾರ, ಚಿಕ್ಕ ಹಿಡುವಳಿದಾರ, ಇವರೆಲ್ಲ ಕಂದಾಯ ಇಲಾಖೆಯ ಪಿಂಚಣಿಗೆ ಬರುತ್ತಾರೆ. 2007ರಲ್ಲಿ ರಾಜ್ಯ ಶುರುಮಾಡಿದ ಸಂಧ್ಯಾ ಸುರಕ್ಷಾ ಇಂಥವರಿಗಾಗಿಯೇ. 65 ತುಂಬಿದವರಿಗೆ ತಿಂಗಳಿಗೆ 1,200 ರೂಪಾಯಿ. ಬೇರೆ ಯಾವುದೇ ಪಿಂಚಣಿ ಬರುತ್ತಿದ್ದರೆ ಇದು ಸಿಗದು. ಅರ್ಜಿ ಹಾಕುವ ಜಾಗ ನಾಡಕಚೇರಿ, ತನಿಖೆಗೆ ಬರುವವರು ಗ್ರಾಮ ಆಡಳಿತ ಅಧಿಕಾರಿ (ಹಳ್ಳಿಯ ಬಾಯಲ್ಲಿ ಈಗಲೂ ತಲಾಟಿ), ಮಂಜೂರು ಮಾಡುವುದು ತಹಶೀಲ್ದಾರ ಕಚೇರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕಕ್ಕೂ ಮೇಲಿನ ಮೆಟ್ಟಿಲು ಬೈಲಹೊಂಗಲದ ಉಪವಿಭಾಗಾಧಿಕಾರಿ. ತಹಶೀಲ್ದಾರರ ಹಂತದಲ್ಲಿ ಕೆಲಸ ನಿಂತರೆ ಬೆಳಗಾವಿಗೆ ಓಡುವ ಮೊದಲು ಅಲ್ಲಿಗೆ ಹೋಗಬೇಕು.

ಸವದತ್ತಿಯಲ್ಲಿ ಇನ್ನೊಂದು ಬಗೆಯಿದೆ. ಮಾಜಿ ದೇವದಾಸಿಯರ ಮಾಸಾಶನ ವಯಸ್ಸಿನ ಮೇಲಷ್ಟೇ ನಿಂತಿಲ್ಲ, ಪಟ್ಟಿಯ ಮೇಲೆ ನಿಂತಿದೆ. 1982ರ ಕಾಯ್ದೆ ಪದ್ಧತಿಯನ್ನು ನಿಷೇಧಿಸಿತು. 1993–94 ಮತ್ತು 2007–08ರ ಸಮೀಕ್ಷೆಗಳಲ್ಲಿ ಹೆಸರು ಬಂದವರಿಗೆ ಸೌಲಭ್ಯ ಸಿಕ್ಕಿತು. ಸಮೀಕ್ಷೆಯವರು ಬಂದ ದಿನ ದುಡಿಯಲು ಬೇರೆ ಊರಿಗೆ ಹೋಗಿದ್ದವಳು, ಅಥವಾ ಅಂಜಿ ಹೆಸರು ಹೇಳದವಳು ಹೊರಗುಳಿದಳು. ಹಾಗಾಗಿ ದೇವದಾಸಿ ಮಹಿಳೆಯರ ಸಂಘಟನೆಗಳು ಮೊತ್ತ ಹೆಚ್ಚಿಸಿ ಎಂದು ಕೇಳುವಷ್ಟೇ ಗಟ್ಟಿಯಾಗಿ ಮರುಸಮೀಕ್ಷೆಯನ್ನೂ ಕೇಳುತ್ತ ಬಂದವು.

ಇನ್ನು ಅರ್ಜಿ ಕೊಟ್ಟ ಮೇಲಿನ ಕತೆ. ಬಾಯಿಮಾತಿನ ‘ಆಗ್ತೈತಿ, ಹೋಗ್ರಿ’ಗೆ ಯಾವ ಬೆಲೆಯೂ ಇಲ್ಲ. 2011ರ ಸಕಾಲ ಕಾಯ್ದೆಯಂತೆ ಅರ್ಜಿದಾರರಿಗೆ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೊಡಬೇಕು. ನಿಗದಿತ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರ ಕೇಳಬಹುದು. ಹಣ ದೊಡ್ಡದಲ್ಲ. ಆದರೆ ಆ ಪರಿಹಾರ ತಡಮಾಡಿದ ನೌಕರರ ಸಂಬಳದಿಂದ ಹೋಗಬೇಕಾದ್ದರಿಂದ ಕಡತ ತಾನಾಗಿ ಮೇಲೇಳುತ್ತದೆ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲೇ ಕೇಳಬೇಕು, ಬರಹವಿಲ್ಲದೆ ಮೇಲ್ಮನವಿಯಿಲ್ಲ. ಹತ್ತು ಜನ ಒಟ್ಟಿಗೆ ಹೋಗಿ ಚೀಟಿ ಕೇಳಿದರೆ ಕೊಡುತ್ತಾರೆ. ಒಬ್ಬಳೇ ಮುದುಕಿ ಹೋಗಿ ಕೇಳಿದರೆ ‘ನಾಳೆ ಬಾ ಅಜ್ಜಿ’. ಸಂಘದ ನಿಜವಾದ ಬಲ ಗೊತ್ತಾಗುವುದು ಇಂಥ ಕೌಂಟರಿನ ಮುಂದೆ.

ವಯಸ್ಸಿನ ತಕರಾರು ಹಳೆಯದು. ಶಾಲೆಯ ಮೆಟ್ಟಿಲು ಹತ್ತದವರಿಗೆ ಆಧಾರ್ ಮಾಡುವಾಗ ಅಂದಾಜಿನ ಮೇಲೆ ಜನವರಿ 1 ಎಂದು ಬರೆದು, ವರ್ಷವನ್ನೂ ಕಣ್ಣಳತೆಯಲ್ಲೇ ಹಾಕಿದ್ದಾರೆ. ಹಿರಿಯ ಮಗನಿಗೆ 50, ತಾಯಿಗೆ 58 ಎಂಬಂಥ ದಾಖಲೆಗಳು ಹುಟ್ಟಿದ್ದು ಹೀಗೆ. ತಿದ್ದುಪಡಿಯನ್ನು 60 ತುಂಬುವ ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು. ಅರ್ಜಿಯ ಹೊತ್ತಲ್ಲಿ ತಿದ್ದಲು ಹೋದರೆ ಅನುಮಾನದ ಕಣ್ಣು ಬೀಳುತ್ತದೆ.

ಇತ್ತೀಚೆಗೆ ಹೆಚ್ಚು ಕೇಳುವ ದೂರು ‘ಪಗಾರ ನಿಂತೈತಿ’ ಎಂಬುದು. (ನಮ್ಮ ಕಡೆ ಪಿಂಚಣಿಗೂ ಪಗಾರವೆಂದೇ ಹೆಸರು.) ಎಷ್ಟೋ ಸಲ ನಿಂತಿರುವುದಿಲ್ಲ, ಬೇರೆ ಖಾತೆಗೆ ಹೋಗಿರುತ್ತದೆ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ಪಾಸ್‌ಬುಕ್ಕಿನ ನಂಬರಿಗಲ್ಲ, ಆಧಾರಿಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ. ಯಾರೋ ಊರಿಗೆ ಬಂದು ಬೆರಳೊತ್ತಿಸಿಕೊಂಡು ಹೊಸ ಖಾತೆ ತೆರೆದುಕೊಟ್ಟು ಹೋಗಿರುತ್ತಾರೆ. ಅಜ್ಜಿಗೆ ಅದು ಮರೆತೂ ಹೋಗಿರುತ್ತದೆ. ಪಿಂಚಣಿ ಆ ಖಾತೆಯಲ್ಲಿ ಸದ್ದಿಲ್ಲದೆ ಜಮೆಯಾಗುತ್ತಿರುತ್ತದೆ. ಹಾಗಾಗಿ ತಹಶೀಲ್ದಾರರ ಮುಂದೆ ಘೋಷಣೆ ಕೂಗುವ ಮೊದಲು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ನೋಡಬೇಕು. ಸರ್ಕಾರದ ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಹಣ ಹೋದ ಖಾತೆ ತಿಳಿಯುತ್ತದೆ. ಧಾರವಾಡದ ಕೆವಿಜಿ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಗಿದೆ. ಹಳೆಯ ಪಾಸ್‌ಬುಕ್ ಇರುವವರು ಒಮ್ಮೆ ಶಾಖೆಗೆ ಹೋಗಿ ವಿವರ ಸರಿಯಿದೆಯೇ ಕೇಳಿಕೊಳ್ಳಲಿ. ಪಿಂಚಣಿ ನಿಜಕ್ಕೂ ನಿಂತಿದ್ದು, ತನಿಖೆಯಲ್ಲಿ ಬದುಕಿರುವವರನ್ನೇ ಸತ್ತವರೆಂದು ಬರೆದದ್ದಾದರೆ, ಪಿಂಚಣಿ ಅದಾಲತ್ತಿಗೆ ಆ ವ್ಯಕ್ತಿಯನ್ನೇ ಕರೆದೊಯ್ದು ಕೂರಿಸುವುದಕ್ಕಿಂತ ದೊಡ್ಡ ಪುರಾವೆ ಇಲ್ಲ.

ಇಷ್ಟೆಲ್ಲ ಒಬ್ಬೊಬ್ಬರ ಕಡತದ ಕೆಲಸ. ಮೊತ್ತದ ಪ್ರಶ್ನೆ ಕಡತದಿಂದ ಬಗೆಹರಿಯುವಂಥದಲ್ಲ. ಕೇಂದ್ರದ ವೃದ್ಧಾಪ್ಯ ಪಿಂಚಣಿ 1995ರ ಆಗಸ್ಟ್ 15ರಂದು ತಿಂಗಳಿಗೆ 75 ರೂಪಾಯಿಯಿಂದ ಶುರುವಾಯಿತು. ಈಗ 80ರ ಕೆಳಗಿನವರಿಗೆ ಕೇಂದ್ರದ ಪಾಲು 200; ಸುಮಾರು ಎರಡು ದಶಕ ಅದು ಅಲುಗಿಲ್ಲ. ಮೇಲಿನದೆಲ್ಲ ರಾಜ್ಯದ್ದು. ಅರುಣಾ ರಾಯ್ ಮತ್ತು ಪುಣೆಯ ಹಮಾಲ ಪಂಚಾಯತ್‌ನ ಬಾಬಾ ಆಢಾವ್ ಮುಂದೆ ನಿಂತು ಕಟ್ಟಿದ ಪೆನ್ಷನ್ ಪರಿಷದ್, ಕನಿಷ್ಠ ಕೂಲಿಯ ಅರ್ಧದಷ್ಟು ಪಿಂಚಣಿ ಬೇಕು ಎಂದು ದಿಲ್ಲಿಯಲ್ಲಿ ಕೂತಿತು. ಪಕ್ಕದ ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾಯ್ದೆ ಮಾಡಿ ಹಮಾಲರಿಗೂ ಪಿಎಫ್ ಸಿಗುವ ದಾರಿ ತೋರಿಸಿತ್ತು. ಎಪಿಎಂಸಿಯಲ್ಲಿ ಪ್ರತಿ ಚೀಲಕ್ಕೂ ಹಮಾಲಿ ಲೆಕ್ಕವಾಗುವಾಗ ಅದರ ಮೇಲೆ ಒಂದಿಷ್ಟು ಕೂಡಿಸಿ ಮುಪ್ಪಿಗೆ ಇಡುವುದು ನಮ್ಮಲ್ಲೂ ಕಷ್ಟವೇನಲ್ಲ.

ಪಿಂಚಣಿ ಕೊಡಿಸುವ ಕೂಲಿಕಾರರ ಸಂಘಕ್ಕೆ ಸಾರಾಯಿಯಂಥ ಊರಿನ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಕಿತ್ತೂರಿನ ಮಗ್ಗುಲ ಖಾನಾಪುರದಲ್ಲಿ, ಅತ್ತ ರಾಯಚೂರಿನಲ್ಲಿ ಬೇರೂರಿದ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ, ಗ್ರಾಕೂಸ್, ಉದ್ಯೋಗ ಖಾತ್ರಿಯ ಕೆಲಸ ಕೇಳುತ್ತ ಬೆಳೆದದ್ದು. ಕೆಲಸ ಸಿಕ್ಕಿತು, ಕೂಲಿ ಹೆಂಗಸರ ಖಾತೆಗೆ ಬಂತು, ಮನೆಗೆ ಬರುವಷ್ಟರಲ್ಲಿ ಸಾರಾಯಿ ಅಂಗಡಿ ಪಾಲಾಯಿತು. ಮದ್ಯನಿಷೇಧ ಹೋರಾಟಕ್ಕೆ ಈ ಹೆಂಗಸರು ಇಳಿದದ್ದು ಅಲ್ಲಿಂದ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ಪೂರ್ತಿ ನಿಷೇಧ ಬರಲಿಲ್ಲ. ಆದರೂ ಪಿಂಚಣಿಯ ದುಡ್ಡು ಅಜ್ಜಿಯ ಸೆರಗಿನಲ್ಲಿ ಉಳಿಯಬೇಕಾದರೆ ಊರಿನ ಅಕ್ರಮ ಸಾರಾಯಿ ಅಂಗಡಿಯ ಮಾತನ್ನೂ ಎತ್ತಲೇಬೇಕೆಂಬ ಅವರ ಲೆಕ್ಕ ನನಗಂತೂ ಸರಿ ಅನಿಸುತ್ತದೆ.

ಕೊನೆಗೊಂದು ಮಾತು. ಪಿಂಚಣಿದಾರ ತೀರಿಕೊಂಡ ಮೇಲೆ ಹಣ ತಾನಾಗಿ ಹೆಂಡತಿಯ ಹೆಸರಿಗೆ ಬರುವುದಿಲ್ಲ. ಕಟ್ಟಡ ಮಂಡಳಿಯ ಪಿಂಚಣಿ ಅರ್ಧದಷ್ಟು ಸಂಗಾತಿಗೆ ಮುಂದುವರಿಯುತ್ತದೆ, ಆದರೆ ಅರ್ಜಿ ಕೊಡಬೇಕು. ಸಂಧ್ಯಾ ಸುರಕ್ಷಾ ಅಲ್ಲಿಗೇ ನಿಲ್ಲುತ್ತದೆ. ವಿಧವಾ ವೇತನಕ್ಕೋ ತನ್ನದೇ ವೃದ್ಧಾಪ್ಯ ಪಿಂಚಣಿಗೋ ಆಕೆ ಹೊಸದಾಗಿ ಅರ್ಜಿ ಹಾಕಬೇಕು. ಕಟ್ಟಡ ಮಂಡಳಿಯ ಅರ್ಜಿಗೂ ವಿಧವಾ ವೇತನಕ್ಕೂ ಮರಣ ಪ್ರಮಾಣಪತ್ರ ಬೇಕು. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ದಂಡವಿಲ್ಲ, ಅಲೆದಾಟವೂ ಇಲ್ಲ.